ರಕ್ತ ತೆಳುವಾದರೆ ಕೈಕಾಲು ಮರಳುವವೇ?



ಪಾರ್ಶ್ವವಾಯು ಬಡಿದು ಎರಡು ವರ್ಷವೋ ಐದು ವರ್ಷವೋ ಕಳೆದ ಮೇಲೂ ರೋಗಿಯ ಮನೆಯವರು ಬಿಡದೆ ಕೇಳುವ ಪ್ರಶ್ನೆಯೊಂದಿದೆ. ಮಿದುಳಿಗೆ ರಕ್ತ ನಿಂತದ್ದರಿಂದ ತಾನೆ ಕೈಕಾಲು ಬಿದ್ದದ್ದು? ಹಾಗಾದರೆ ರಕ್ತವನ್ನು ತೆಳು ಮಾಡಿ ಮತ್ತೆ ಹರಿಸಿದರೆ ಅವು ಮರಳಬೇಕಲ್ಲವೆ? ದಾವಣಗೆರೆಯಲ್ಲಿ ಹಾಸಿಗೆ ಹಿಡಿದಿರುವ ತಂದೆಗಾಗಿ ನ್ಯೂಜೆರ್ಸಿಯ ಮಗಳು ಈ ಪ್ರಶ್ನೆ ಕೇಳುತ್ತಾಳೆ. ಕೆಲಸ ಕಳೆದುಕೊಂಡು ಕೊಲ್ಲಿ ದೇಶದಿಂದ ಊರಿಗೆ ಮರಳಿದ ಗಂಡನಿಗಾಗಿ ಭಟ್ಕಳದ ಹೆಂಡತಿಯೂ ಇದನ್ನೇ ಕೇಳುತ್ತಾಳೆ. ಪ್ರಶ್ನೆಯಲ್ಲಿ ಮೂಢತನವಿಲ್ಲ, ತರ್ಕವಿದೆ. ಆದರೆ ಆ ತರ್ಕದ ನಡುವೆ ಒಂದು ಕೊಂಡಿ ಕಳಚಿದೆ. ಆ ಜಾಗದಲ್ಲಿಯೇ ದುಬಾರಿ ಚುಚ್ಚುಮದ್ದು, ಡ್ರಿಪ್ಪು, ವಿಶೇಷ ಪ್ಯಾಕೇಜುಗಳ ವ್ಯಾಪಾರ ನೆಲೆಯೂರಿದೆ.

ಇಲ್ಲಿ ಪಣಕ್ಕಿರುವುದು ಹಣವಷ್ಟೇ ಆಗಿದ್ದರೆ ಇಷ್ಟು ಮಾತು ಬೇಕಿರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳು ಸರಿಯಾದ ರೋಗಿಗೆ ಜೀವರಕ್ಷಕ, ತಪ್ಪು ರೋಗಿಗೆ ಜೀವಘಾತಕ. ಅವುಗಳಿಂದ ಆಗದ ಕೆಲಸವನ್ನು ನಿರೀಕ್ಷಿಸಿ ತೆಗೆದುಕೊಂಡವರು ಮಿದುಳಿನ ರಕ್ತಸ್ರಾವಕ್ಕೆ ತುತ್ತಾಗಬಹುದು. ಅವುಗಳಿಂದ ಆಗುವ ಕೆಲಸವನ್ನು ಅರಿಯದೆ ನಿಲ್ಲಿಸಿದವರು ಎರಡನೆಯ ಆಘಾತಕ್ಕೆ ಗುರಿಯಾಗಬಹುದು. ಎರಡೂ ತಪ್ಪುಗಳ ಬೆಲೆ ಒಂದೇ.

ಮೊದಲು ರಕ್ತದ ಹರಿವಿನ ಲೆಕ್ಕ. ಮಿದುಳಿನ ತೂಕ ದೇಹದ ತೂಕದ ಶೇ. 2ರಷ್ಟು. ಅದು ಬಳಸುವ ಆಮ್ಲಜನಕ ಮಾತ್ರ ದೇಹದ ಒಟ್ಟು ಬಳಕೆಯ ಶೇ. 20ರಷ್ಟು. ಕೂಡಿಟ್ಟ ದಾಸ್ತಾನು ಅದರಲ್ಲಿಲ್ಲ, ಕ್ಷಣಕ್ಷಣಕ್ಕೂ ಪೂರೈಕೆ ಬೇಕು. ಆರೋಗ್ಯವಂತರಲ್ಲಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಅದು 20ಕ್ಕಿಂತ ಕೆಳಗಿಳಿದರೆ ನರಕೋಶಗಳು ಕೆಲಸ ನಿಲ್ಲಿಸುತ್ತವೆ. 10ರ ಆಸುಪಾಸಿಗೆ ಇಳಿದರೆ ಸಾಯತೊಡಗುತ್ತವೆ. ಈ ಎರಡು ಅಂಕಿಗಳ ನಡುವೆ ಕೋಶ ಮೂಕವಾಗಿರುತ್ತದೆ, ಆದರೆ ಬದುಕಿರುತ್ತದೆ.

1970ರ ದಶಕದಲ್ಲಿ ಲಂಡನ್ನಿನಲ್ಲಿ ಲಿಂಡ್ಸೆ ಸೈಮನ್ ಮತ್ತು ಸಂಗಡಿಗರು ಬಬೂನ್ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳು ಈ ನಡುವಣ ಸ್ಥಿತಿಯನ್ನು ತೋರಿಸಿಕೊಟ್ಟವು. ಗ್ರಹಣದ ಅರೆನೆರಳಿನಿಂದ ಹೆಸರನ್ನು ಎರವಲು ಪಡೆದು ಆ ವಲಯವನ್ನು ಪೆನಂಬ್ರ ಎಂದು ಕರೆದರು. ಪೂರ್ತಿ ಕತ್ತಲಾಗಿರುವ ನಡುಭಾಗ ಸತ್ತಿದೆ. ಅದರ ಸುತ್ತಲಿನ ಅರೆನೆರಳು ಇನ್ನೂ ಉಳಿಸಬಹುದಾದದ್ದು. ಪಾರ್ಶ್ವವಾಯುವಿನ ಆಧುನಿಕ ಚಿಕಿತ್ಸೆಯೆಲ್ಲ ಈ ಅರೆನೆರಳಿಗಾಗಿ ನಡೆದ ಹೋರಾಟ. ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡರೆ ನಿಮಿಷವೊಂದಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಜೆಫ್ರಿ ಸೇವರ್ ಲೆಕ್ಕ ಹಾಕಿದರು.

ಕರಗಿಸುವ ಔಷಧವಾದ ಟಿಪಿಎ 1995ರ ಅಮೆರಿಕದ ಪ್ರಯೋಗದಲ್ಲಿ ಫಲ ಕೊಟ್ಟದ್ದು ಲಕ್ಷಣ ಕಾಣಿಸಿಕೊಂಡ 3 ಗಂಟೆಯೊಳಗೆ ಕೊಟ್ಟಾಗ. ಅಲ್ಲಿದ್ದವರು 624 ರೋಗಿಗಳು. 2008ರ ಯೂರೋಪಿನ ಪ್ರಯೋಗ ಆ ಅವಧಿಯನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ತೊಡೆಯ ರಕ್ತನಾಳದ ಮೂಲಕ ತೂರುನಳಿಕೆ ಕಳಿಸಿ ಹೆಪ್ಪನ್ನು ಎಳೆದು ತೆಗೆಯುವ ವಿಧಾನ 2015ರಲ್ಲಿ ಸಾಬೀತಾಯಿತು. 2018ರ ಡಾನ್ ಪ್ರಯೋಗ ಅದನ್ನು 24 ಗಂಟೆಯವರೆಗೆ ಒಯ್ದಿತು, ಅದೂ ಅರೆನೆರಳು ಉಳಿದಿದೆಯೆಂದು ಸ್ಕ್ಯಾನ್‌ನಲ್ಲಿ ಕಂಡ ಆಯ್ದ ರೋಗಿಗಳಲ್ಲಿ ಮಾತ್ರ. ಇಷ್ಟೆಲ್ಲ ಸಾಧನೆಯ ಬಳಿಕವೂ ಈ ಪ್ರಯೋಗಗಳು ತೋರಿಸಿಕೊಟ್ಟ ಗಡುವು ಒಂದು ದಿನದ್ದು. ತಿಂಗಳು, ವರ್ಷಗಳ ಮಾತು ಅಲ್ಲಿಲ್ಲ.

ಆ ಗಡುವು ಮೀರಿದ ಮೇಲೆ ಆಗುವುದೇನು? ಸತ್ತ ಕೋಶಗಳನ್ನು ದೇಹ ವಾರಗಳ ಅವಧಿಯಲ್ಲಿ ತೆರವುಗೊಳಿಸುತ್ತದೆ. ಆ ಜಾಗದಲ್ಲಿ ಗಾಯದ ಕಲೆಯೂ ದ್ರವ ತುಂಬಿದ ಪೊಳ್ಳೂ ಉಳಿಯುತ್ತವೆ. ವಿಚಿತ್ರವೆಂದರೆ ಎಷ್ಟೋ ರೋಗಿಗಳಲ್ಲಿ ಕಟ್ಟಿಕೊಂಡಿದ್ದ ರಕ್ತನಾಳ ದಿನಗಳೊಳಗೆ ತಾನಾಗಿಯೇ ತೆರೆದುಕೊಂಡಿರುತ್ತದೆ. ರಕ್ತ ಹರಿಯುತ್ತಿರುತ್ತದೆ, ಅದನ್ನು ಬಳಸಿಕೊಳ್ಳುವ ಕೋಶಗಳಿರುವುದಿಲ್ಲ. ಪೈರು ಒಣಗಿ ಬೇರುಸಹಿತ ಹೋದ ಗದ್ದೆಗೆ ನಾಲೆಯ ನೀರು ಬಂದಂತೆ. ನೀರಿನದು ತಪ್ಪಿಲ್ಲ, ಅದು ಬಂದ ಹೊತ್ತು ತಪ್ಪು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಳೆಯ ರೋಗಿಯ ಸ್ಕ್ಯಾನ್ ತೋರಿಸಿ, ಗಾಯದ ಸುತ್ತಲೂ ರಕ್ತ ಕಡಿಮೆಯಿದೆ ನೋಡಿ, ಈ ಭಾಗ ಮಲಗಿದೆ, ಎಬ್ಬಿಸಬಹುದು ಎಂದು ಹೇಳುವವರಿದ್ದಾರೆ. ಚಿತ್ರ ಸುಳ್ಳಲ್ಲ, ಅದರ ವ್ಯಾಖ್ಯಾನ ಅನುಮಾನಾಸ್ಪದ. ಮಿದುಳು ತನ್ನ ಕೆಲಸಕ್ಕೆ ತಕ್ಕಂತೆ ರಕ್ತ ಕರೆಸಿಕೊಳ್ಳುತ್ತದೆ. ಗಾಯಗೊಂಡ ಭಾಗದೊಡನೆ ನಂಟು ಕಡಿದುಹೋದ ದೂರದ ಭಾಗವೂ ಕೆಲಸ ಕುಗ್ಗಿಸಿಕೊಳ್ಳುತ್ತದೆ. ಇದನ್ನು 1914ರಲ್ಲಿಯೇ ಕಾನ್‌ಸ್ಟಾಂಟಿನ್ ಫಾನ್ ಮೊನಾಕೋ ಎಂಬ ನರವಿಜ್ಞಾನಿ ಡಯಾಸ್ಕಿಸಿಸ್ ಎಂದು ಹೆಸರಿಸಿ ವಿವರಿಸಿದರು. ಬಾಗಿಲು ಹಾಕಿದ ಅಕ್ಕಿ ಗಿರಣಿಯ ಕರೆಂಟ್ ಮೀಟರ್ ನಿಧಾನವಾಗಿ ತಿರುಗುತ್ತದೆ. ದಪ್ಪ ತಂತಿ ಎಳೆದ ಮಾತ್ರಕ್ಕೆ ಗಿರಣಿ ಶುರುವಾಗುವುದಿಲ್ಲ. ಹಾಗೆಯೇ, ಬಹುಪಾಲು ಹಳೆಯ ರೋಗಿಗಳಲ್ಲಿ ರಕ್ತ ಕಡಿಮೆಯಾದದ್ದರಿಂದ ಕೆಲಸ ನಿಂತಿರುವುದಿಲ್ಲ. ಕೆಲಸ ನಿಂತದ್ದರಿಂದ ರಕ್ತ ಕಡಿಮೆಯಾಗಿರುತ್ತದೆ.

ಇನ್ನು ಔಷಧಗಳ ಕಡೆಗೆ. ರಕ್ತ ತೆಳು ಮಾಡುವ ಮಾತ್ರೆ ಎಂಬ ಆಡುಮಾತು ದಾರಿತಪ್ಪಿಸುತ್ತದೆ. ಮಜ್ಜಿಗೆಗೆ ನೀರು ಬೆರೆಸಿದಂತೆ ಈ ಔಷಧಗಳು ರಕ್ತವನ್ನು ನೀರಾಗಿಸುವುದಿಲ್ಲ. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ಗಳು ರಕ್ತದ ಕಿರುತಟ್ಟೆಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ಹೆಪಾರಿನ್, ವಾರ್ಫರಿನ್ ಹಾಗೂ ಹೊಸ ತಲೆಮಾರಿನ ಡಾಬಿಗಾಟ್ರಾನ್, ಅಪಿಕ್ಸಬಾನ್‌ಗಳು ಹೆಪ್ಪು ಕಟ್ಟಿಸುವ ಪ್ರೋಟೀನುಗಳ ಸರಪಳಿಯನ್ನು ತಡೆಯುತ್ತವೆ. ಹೊಸ ಹೆಪ್ಪು ಹುಟ್ಟದಂತೆ, ಇರುವ ಹೆಪ್ಪು ಬೆಳೆಯದಂತೆ ನೋಡಿಕೊಳ್ಳುವುದು ಇವೆಲ್ಲದರ ಕೆಲಸ. ಇರುವ ಹೆಪ್ಪನ್ನು ಕರಗಿಸುವುದು ಟಿಪಿಎ ಬಗೆಯ ಬೇರೆ ಔಷಧದ ಕೆಲಸ. ಸತ್ತ ಕೋಶವನ್ನು ಎಬ್ಬಿಸುವ ಶಕ್ತಿ ಇವೆರಡರಲ್ಲಿ ಯಾವುದಕ್ಕೂ ಇಲ್ಲ.

ಈ ಔಷಧಗಳ ಹುಟ್ಟಿನ ಕಥೆಯೇ ಅವುಗಳ ಗುಣವನ್ನು ಹೇಳುತ್ತದೆ. 1916ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವಿದ್ಯಾರ್ಥಿ ಜೇ ಮೆಕ್ಲೀನ್ ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಾ ಹೆಪ್ಪು ತಡೆಯುವ ವಸ್ತುವನ್ನು ಕಂಡನು. ಹೆಪಾರಿನ್‌ನ ಮೂಲ ಅದು. 1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ಬಯಲುಗಳಲ್ಲಿ ಬೂಷ್ಟು ಹಿಡಿದ ಕ್ಲೋವರ್ ಮೇವು ತಿಂದ ದನಗಳು ರಕ್ತ ನಿಲ್ಲದೆ ಸತ್ತವು. 1933ರಲ್ಲಿ ಅಂಥ ಒಂದು ಹಸುವಿನ ಹೆಪ್ಪುಗಟ್ಟದ ರಕ್ತವನ್ನು ರೈತನೊಬ್ಬ ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ತಂದ. ಅಲ್ಲಿಂದ ಹೊರಟ ಸಂಶೋಧನೆಯ ಫಲ ವಾರ್ಫರಿನ್. 1948ರಲ್ಲಿ ಅದು ಮಾರುಕಟ್ಟೆಗೆ ಬಂದದ್ದು ಇಲಿಪಾಷಾಣವಾಗಿ. 1954ರಲ್ಲಿ ಮನುಷ್ಯರ ಬಳಕೆಗೆ ಒಪ್ಪಿಗೆ ಪಡೆಯಿತು. ವಿಷ ಮತ್ತು ಮದ್ದಿನ ನಡುವಿನ ಅಂತರ ಪ್ರಮಾಣದ್ದು ಎಂಬ ಹಳೆಯ ಮಾತಿಗೆ ಇದಕ್ಕಿಂತ ನೇರ ಉದಾಹರಣೆ ಸಿಗುವುದು ಕಷ್ಟ.

ಪಾರ್ಶ್ವವಾಯುವಿಗೆ ಈ ಔಷಧಗಳನ್ನು ವಿಶಾಲವಾಗಿ ಪರೀಕ್ಷಿಸದೆ ಬಿಟ್ಟಿದ್ದಾರೆಂಬ ಆರೋಪಕ್ಕೆ ಆಧಾರವಿಲ್ಲ. 1997ರ ಅಂತರರಾಷ್ಟ್ರೀಯ ಪ್ರಯೋಗದಲ್ಲಿ 36 ದೇಶಗಳ 19,435 ರೋಗಿಗಳಿದ್ದರು. ಆಘಾತದ ಮೊದಲ ದಿನಗಳಲ್ಲಿ ಹೆಪಾರಿನ್ ಕೊಟ್ಟಾಗ ಹೊಸ ಹೆಪ್ಪುಗಳು ಕಡಿಮೆಯಾದವು, ಆದರೆ ಮಿದುಳಿನ ರಕ್ತಸ್ರಾವ ಹೆಚ್ಚಿ ಆ ಲಾಭವನ್ನು ನುಂಗಿಹಾಕಿತು. ಆಸ್ಪಿರಿನ್‌ನಿಂದ ಸಣ್ಣದಾದರೂ ಖಚಿತವಾದ ಪ್ರಯೋಜನ ಕಂಡಿತು. 2001ರಲ್ಲಿ 2,206 ರೋಗಿಗಳಲ್ಲಿ ವಾರ್ಫರಿನ್ನನ್ನೂ ಆಸ್ಪಿರಿನ್ನನ್ನೂ ಹೋಲಿಸಿದಾಗ ಮರು ಆಘಾತ ತಡೆಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಿದುಳೊಳಗಿನ ರಕ್ತನಾಳ ಕಿರಿದಾದವರಿಗೆ ವಾರ್ಫರಿನ್ ಹೆಚ್ಚು ಒಳಿತೆಂಬ ನಂಬಿಕೆ ಬಹುಕಾಲದಿಂದ ಇತ್ತು. 2005ರ ಪ್ರಯೋಗ ಆ ನಂಬಿಕೆಯನ್ನೇ ತಲೆಕೆಳಗು ಮಾಡಿತು. 569 ರೋಗಿಗಳ ಆ ಅಧ್ಯಯನದಲ್ಲಿ ವಾರ್ಫರಿನ್ ಪಡೆದವರಲ್ಲಿ ಶೇ. 9.7 ಮಂದಿ ಸತ್ತರು, ಆಸ್ಪಿರಿನ್ ಪಡೆದವರಲ್ಲಿ ಶೇ. 4.3. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಕಾರಣ ತಿಳಿಯದ ಆಘಾತಕ್ಕೊಳಗಾದ 7,213 ಮಂದಿಯಲ್ಲಿ ಹೊಸ ಔಷಧ ರಿವರೊಕ್ಸಬಾನ್ ಪರೀಕ್ಷಿಸಿದ 2018ರ ಅಧ್ಯಯನವೂ ಆಸ್ಪಿರಿನ್‌ಗಿಂತ ಮೇಲಾಗಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಿತು.

ಔಷಧ ಬಿಟ್ಟು ಶಸ್ತ್ರದಿಂದ ರಕ್ತ ಹರಿಸಿದರೆ? ಅದನ್ನೂ ಮಾಡಿ ನೋಡಿದ್ದಾರೆ. ನೆತ್ತಿಯ ರಕ್ತನಾಳವನ್ನು ಮಿದುಳಿನ ರಕ್ತನಾಳಕ್ಕೆ ಜೋಡಿಸುವ ಬೈಪಾಸ್ ಶಸ್ತ್ರಚಿಕಿತ್ಸೆಯ ಫಲಿತಾಂಶ 1985ರಲ್ಲಿ ಪ್ರಕಟವಾಯಿತು. 1,377 ರೋಗಿಗಳು, ಜೋಡಿಸಿದ ನಾಳಗಳಲ್ಲಿ ಶೇ. 96ರಷ್ಟು ತೆರೆದೇ ಇದ್ದವು. ಆದರೂ ಮರು ಆಘಾತ ಕಡಿಮೆಯಾಗಲಿಲ್ಲ. ನಿಜವಾಗಿಯೂ ರಕ್ತದ ಕೊರತೆ ಇರುವವರನ್ನು ಆರಿಸಲಿಲ್ಲವೆಂಬ ಆಕ್ಷೇಪ ಬಂದಾಗ, ಪೆಟ್ ಸ್ಕ್ಯಾನ್‌ನಿಂದ ಅಂಥವರನ್ನೇ ಆಯ್ದು ಮತ್ತೊಂದು ಪ್ರಯೋಗ ನಡೆಸಿದರು. 2011ರ ಆ ಫಲಿತಾಂಶದಲ್ಲಿ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇ. 14.4 ಮಂದಿಗೆ ಮೊದಲ 30 ದಿನಗಳಲ್ಲೇ ಅದೇ ಬದಿಯಲ್ಲಿ ಆಘಾತವಾಯಿತು. ಔಷಧವಷ್ಟೇ ಪಡೆದವರಲ್ಲಿ ಶೇ. 2. ಈ ಪ್ರಯೋಗಗಳ ಮುಖ್ಯ ಗುರಿ ಮರು ಆಘಾತ ತಡೆಯುವುದಾಗಿತ್ತು ಎಂಬುದನ್ನು ಮರೆಯಬಾರದು. ಆದರೆ ಹರಿವು ಹೆಚ್ಚಿಸಿದರೆ ಮಿದುಳು ಚೇತರಿಸಿಕೊಳ್ಳುತ್ತದೆಂಬ ಸರಳ ಲೆಕ್ಕ ತಪ್ಪೆಂದು ಇವು ಎಚ್ಚರಿಸುತ್ತವೆ. ಮೊಯಮೊಯ ಎಂಬ ವಿರಳ ಕಾಯಿಲೆಯಂಥ ಕೆಲವು ಸಂದರ್ಭಗಳಲ್ಲಿ ಬೈಪಾಸ್‌ಗೆ ಇಂದಿಗೂ ಸ್ಥಾನವಿದೆ. ಅದು ಅಪವಾದ.

ಹಾಗಾದರೆ ಈ ಔಷಧಗಳನ್ನು ಬಿಟ್ಟುಬಿಡಬೇಕೆ? ಖಂಡಿತ ಕೂಡದು. ಹೃದಯದ ಮೇಲ್ಕೋಣೆ ಲಯ ತಪ್ಪಿ ನಡುಗುವ ಏಟ್ರಿಯಲ್ ಫಿಬ್ರಿಲೇಷನ್ ಇರುವವರಲ್ಲಿ ಅಲ್ಲಿ ಹುಟ್ಟಿದ ಹೆಪ್ಪು ನೇರ ಮಿದುಳಿಗೆ ಹೋಗಬಹುದು. 1993ರ ಯೂರೋಪಿನ ಪ್ರಯೋಗದಲ್ಲಿ ಇಂಥವರಲ್ಲಿ ವರ್ಷಕ್ಕೆ ಶೇ. 12ರಷ್ಟಿದ್ದ ಮರು ಆಘಾತವನ್ನು ವಾರ್ಫರಿನ್ ಬಗೆಯ ಔಷಧಗಳು ಶೇ. 4ಕ್ಕೆ ಇಳಿಸಿದವು. ವೈದ್ಯಕೀಯದಲ್ಲಿ ಇಷ್ಟು ದೊಡ್ಡ ಲಾಭ ಅಪರೂಪ. ಈ ಕಾರಣಕ್ಕೆ ಮಾತ್ರೆ ಪಡೆಯುತ್ತಿರುವವರು, ಕೈಕಾಲು ಸುಧಾರಿಸಲಿಲ್ಲವೆಂದು ಬೇಸತ್ತು ಅದನ್ನು ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ಅದು ಬಿದ್ದ ಕೈಯನ್ನು ಎತ್ತಲು ಕೊಟ್ಟ ಮದ್ದಲ್ಲ. ಉಳಿದ ಕೈ ಬೀಳದಂತೆ ಕಾಯುವ ಮದ್ದು.

ಮಿದುಳಿನ ರಕ್ತದ ಹರಿವನ್ನು ಹೆಪಾರಿನ್ ನಿಜಕ್ಕೂ ಸರಾಗಗೊಳಿಸಲು ನೆರವಾಗುವ ಒಂದು ಬಗೆಯ ಪಾರ್ಶ್ವವಾಯುವೂ ಇದೆ. ಕರ್ನಾಟಕಕ್ಕೆ ಅದರ ಪರಿಚಯ ಚೆನ್ನಾಗಿಯೇ ಇದೆ. ಮಿದುಳಿನಿಂದ ರಕ್ತವನ್ನು ಹೊರಗೊಯ್ಯುವ ಅಭಿಧಮನಿಗಳು ಕಟ್ಟಿಕೊಳ್ಳುವ ಈ ಕಾಯಿಲೆ ಬಾಣಂತಿಯರನ್ನು ಹೆಚ್ಚಾಗಿ ಕಾಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ನರವೈದ್ಯರು ದಶಕಗಳಿಂದ ಇದನ್ನು ಅಧ್ಯಯನ ಮಾಡಿದ್ದಾರೆ. ಬಾಣಂತಿಯರಲ್ಲಿ ಅಲ್ಪ ಪ್ರಮಾಣದ ಹೆಪಾರಿನ್ ಪರೀಕ್ಷಿಸಿದ ಅವರ ಪ್ರಯೋಗವನ್ನು ಈ ವಿಷಯದ ಜಾಗತಿಕ ವಿಮರ್ಶೆಗಳು ಇಂದಿಗೂ ಉಲ್ಲೇಖಿಸುತ್ತವೆ. ಬಸುರಿ ಬಾಣಂತಿಯರಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚು. ಅದರ ಮೇಲೆ ಬಾಣಂತಿಗೆ ನೀರು ಕೊಡಬಾರದೆಂಬ ಕಟ್ಟುಪಾಡು ಸೇರಿದರೆ ಅಪಾಯ ಇಮ್ಮಡಿಸುತ್ತದೆ ಎಂದು ವೈದ್ಯರು ಎಚ್ಚರಿಸುತ್ತಾ ಬಂದಿದ್ದಾರೆ. ಹೆರಿಗೆಯ ಬಳಿಕದ ವಾರಗಳಲ್ಲಿ ಬಿಡದ ತಲೆನೋವು, ವಾಂತಿ, ಮಂಜುಗಣ್ಣು, ಫಿಟ್ಸ್ ಬಂದರೆ ಗಾಳಿ ಸೋಕಿದೆಯೆಂದು ಕೂಡದೆ ಆಸ್ಪತ್ರೆಗೆ ಒಯ್ದರೆ ಪೂರ್ತಿ ಗುಣವಾಗುವ ಸಾಧ್ಯತೆ ಹೆಚ್ಚು. ಇಲ್ಲಿ ಔಷಧ ಗೆಲ್ಲುವುದು ಸಕಾಲದಲ್ಲಿ ಬಂದಾಗ. ಅದೇ ಪಾಠ ಇಲ್ಲಿಯೂ.

ಔಷಧದ ಲಾಭ ಯಾರಿಗೆ ಸಿಗುತ್ತದೆಂಬುದನ್ನು ವಿಜ್ಞಾನವೊಂದೇ ತೀರ್ಮಾನಿಸುವುದಿಲ್ಲ. ಬಾಲ್ಯದ ಗಂಟಲುಬೇನೆಗೆ ಸರಿಯಾದ ಮದ್ದು ಸಿಗದೆ, ಕಿಕ್ಕಿರಿದ ಮನೆಗಳಲ್ಲಿ ಬೆಳೆದವರಲ್ಲಿ ರುಮಾಟಿಕ್ ಹೃದ್ರೋಗ ಉಳಿದುಕೊಳ್ಳುತ್ತದೆ. ಹೃದಯದ ಕವಾಟ ಕಿರಿದಾಗಿ, ಲಯ ತಪ್ಪಿ, ಮೂವತ್ತು ನಲವತ್ತರ ಹರೆಯದಲ್ಲಿಯೇ ಪಾರ್ಶ್ವವಾಯು ಬರುತ್ತದೆ. ಬಡ ದೇಶಗಳ ಈ ಕಾಯಿಲೆಯ ಬಗ್ಗೆ ದೊಡ್ಡ ಪ್ರಯೋಗ ನಡೆಯಲು 2022ರವರೆಗೆ ಕಾಯಬೇಕಾಯಿತು. 24 ದೇಶಗಳ 4,500ಕ್ಕೂ ಹೆಚ್ಚು ರೋಗಿಗಳಿದ್ದ ಆ ಅಧ್ಯಯನದಲ್ಲಿ ದುಬಾರಿಯಾದ ಹೊಸ ರಿವರೊಕ್ಸಬಾನ್‌ಗಿಂತ ಹಳೆಯ, ಅಗ್ಗದ ವಾರ್ಫರಿನ್ ಬಗೆಯ ಔಷಧವೇ ಹೆಚ್ಚು ಜನರನ್ನು ಬದುಕಿಸಿತು. ಹೊಸದೆಲ್ಲ ಮೇಲು ಎಂಬ ಮಾರುಕಟ್ಟೆಯ ಮಾತಿಗೆ ಇದು ಒಳ್ಳೆಯ ಉತ್ತರ.

ಆದರೆ ವಾರ್ಫರಿನ್‌ಗೆ ಒಂದು ಷರತ್ತಿದೆ. ಐಎನ್‌ಆರ್ ಎಂಬ ರಕ್ತಪರೀಕ್ಷೆ ನಿಯಮಿತವಾಗಿ ನಡೆಯಬೇಕು. ಹೆಚ್ಚಿನ ರೋಗಿಗಳಲ್ಲಿ ಅದು 2 ಮತ್ತು 3ರ ನಡುವೆ ಇರಬೇಕು. ಕೆಳಗಾದರೆ ಹೆಪ್ಪು, ಮೇಲಾದರೆ ರಕ್ತಸ್ರಾವ. ಮಾತ್ರೆಯ ಬೆಲೆ ಕಡಿಮೆ. ಪರೀಕ್ಷೆಗಾಗಿ ತಾಲ್ಲೂಕು ದಾಟಿ ಹೋಗುವ ಬಸ್ಸಿನ ಖರ್ಚು, ಕಳೆದುಕೊಳ್ಳುವ ದಿನಗೂಲಿ, ಜೊತೆಗೆ ಬರುವವರ ದಿನ, ಇವೆಲ್ಲ ಸೇರಿದರೆ ಬಡವರ ಪಾಲಿಗೆ ಅದೇ ದುಬಾರಿ ಔಷಧ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಬೆರಳ ತುದಿಯ ಹನಿಯಿಂದ ಈ ಪರೀಕ್ಷೆ ಮಾಡುವ ಪುಟ್ಟ ಯಂತ್ರಗಳು ಲೋಕದಲ್ಲಿವೆ. ಅವು ಎಲ್ಲಿರಬೇಕೆಂಬುದು ರಾಜಕೀಯ ನಿರ್ಧಾರ.

ಈ ಮಾತ್ರೆ ಸೇವಿಸುವವರಿಗೆ ಮನೆಯ ಮಟ್ಟದ ಕೆಲವು ಎಚ್ಚರಗಳೂ ಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ನ ಎದುರಾಳಿ. ಹಾಗೆಂದು ನುಗ್ಗೆಸೊಪ್ಪು, ದಂಟು, ಬಸಳೆಯನ್ನು ತೊರೆಯಬೇಕಿಲ್ಲ. ವಾರದಿಂದ ವಾರಕ್ಕೆ ಅಳತೆ ಏರುಪೇರಾಗದಿದ್ದರೆ ಸಾಕು. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ತರುವ ನೋವಿನ ಮಾತ್ರೆಗಳು, ಹೆಸರು ತಿಳಿಯದ ಪುಡಿಗಳು ರಕ್ತಸ್ರಾವಕ್ಕೆ ದಾರಿ ಮಾಡಬಹುದು. ಹಲ್ಲು ಕೀಳಿಸಲು ಹೋಗುವ ಮುನ್ನ ತಾವಾಗಿಯೇ ಮಾತ್ರೆ ನಿಲ್ಲಿಸುವುದೂ ಅಷ್ಟೇ ಅಪಾಯ. ಎಲ್ಲಕ್ಕಿಂತ ಮೊದಲು, ಆ ರೋಗಿಗೆ ಆದದ್ದು ರಕ್ತ ಕಟ್ಟಿದ ಆಘಾತವೋ, ರಕ್ತ ಒಡೆದ ಆಘಾತವೋ ಎಂಬುದು ಸ್ಕ್ಯಾನ್‌ನಿಂದ ಖಚಿತವಾಗಿರಬೇಕು. ಹೊರನೋಟಕ್ಕೆ ಎರಡೂ ಒಂದೇ ಬಗೆ. ಒಂದರ ಮದ್ದು ಇನ್ನೊಂದಕ್ಕೆ ಮೃತ್ಯು.

ಐದು ವರ್ಷದ ಹಿಂದೆ ಆಘಾತವಾದವರಿಗೆ ವಿಜ್ಞಾನದ ಬಳಿ ಏನೂ ಇಲ್ಲವೆ? ಇದೆ. ಆದರೆ ಅದು ಪ್ಯಾಕೇಜಿನಲ್ಲಿ ಮಾರುವಂಥದ್ದಲ್ಲ. ಮೊದಲನೆಯದು ಬಿ.ಪಿ.ಯ ನಿಯಂತ್ರಣ. ಹಿಂದಿನ ಐದು ವರ್ಷಗಳಲ್ಲಿ ಆಘಾತವಾಗಿದ್ದ 6,105 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಿ.ಪಿ. ಇಳಿಸುವ ಸಾಮಾನ್ಯ ಮಾತ್ರೆಗಳು ಮರು ಆಘಾತವನ್ನು ಶೇ. 28ರಷ್ಟು ತಗ್ಗಿಸಿದವು. ಆಸ್ಪಿರಿನ್ ಸುಮಾರು ಐದರಲ್ಲೊಂದು ಪಾಲು ಅಪಾಯ ತಗ್ಗಿಸುತ್ತದೆ. ಇವು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗಬೇಕಾದ, ಸಿಗಬಹುದಾದ ಮಾತ್ರೆಗಳು.

ಎರಡನೆಯದು ಕಲಿಕೆ. ಸತ್ತ ಕೋಶ ಮರಳದಿದ್ದರೂ ಉಳಿದ ಮಿದುಳು ಹೊಸ ದಾರಿ ಕಂಡುಕೊಳ್ಳುತ್ತದೆ. ಅದಕ್ಕೆ ಬೇಕಾದ್ದು ಸಾವಿರಾರು ಬಾರಿಯ ಅಭ್ಯಾಸ. ಎಡ್ವರ್ಡ್ ಟೌಬ್ ಅವರ ಸಂಶೋಧನೆಯಿಂದ ಹುಟ್ಟಿದ ಚಿಕಿತ್ಸೆಯಲ್ಲಿ ಚೆನ್ನಾಗಿರುವ ಕೈಯನ್ನು ಕಟ್ಟಿಹಾಕಿ ಬಲಹೀನ ಕೈಯಿಂದಲೇ ಕೆಲಸ ಮಾಡಿಸುತ್ತಾರೆ. 2006ರಲ್ಲಿ ಪ್ರಕಟವಾದ 222 ರೋಗಿಗಳ ಪ್ರಯೋಗದಲ್ಲಿ ಅದು ಫಲ ನೀಡಿತು. ಲಂಡನ್ನಿನ ಕ್ವೀನ್ ಸ್ಕ್ವೇರ್‌ನಲ್ಲಿ ಮೂರು ವಾರಗಳಲ್ಲಿ 90 ಗಂಟೆಗಳ ಕೈಯ ತರಬೇತಿ ಪಡೆದ 224 ರೋಗಿಗಳ ವರದಿ 2019ರಲ್ಲಿ ಬಂದಿತು. ಅವರಲ್ಲಿ ಅರ್ಧದಷ್ಟು ಮಂದಿಗೆ ಆಘಾತವಾಗಿ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲವಾಗಿತ್ತು. ಆದರೂ ಸುಧಾರಣೆ ಕಂಡಿತು, ಆರು ತಿಂಗಳ ಬಳಿಕವೂ ಉಳಿದಿತ್ತು. 2021ರಲ್ಲಿ 108 ರೋಗಿಗಳಲ್ಲಿ, ತರಬೇತಿಯ ಜೊತೆಗೆ ಕತ್ತಿನ ವೇಗಸ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಗಣನೀಯ ಸುಧಾರಣೆ ಕಂಡವರು ಶೇ. 47; ತರಬೇತಿ ಮಾತ್ರ ಪಡೆದವರಲ್ಲಿ ಶೇ. 24. ಅವರ ಆಘಾತ 9 ತಿಂಗಳಿಂದ 10 ವರ್ಷ ಹಳೆಯದು. ಆರು ತಿಂಗಳು ಕಳೆದರೆ ಇನ್ನೇನೂ ಆಗದೆಂಬ ಹಳೆಯ ಮಾತು ಹೀಗೆ ಸುಳ್ಳಾಗಿದೆ. ಇಲ್ಲೆಲ್ಲ ಕಾಣುವುದು ಸುಧಾರಣೆ, ಪವಾಡವಲ್ಲ. ಲೋಟ ಹಿಡಿಯುವುದು, ಗುಂಡಿ ಹಾಕಿಕೊಳ್ಳುವುದು, ತಾನೇ ತುತ್ತು ಎತ್ತುವುದು. ಅದನ್ನು ಕಳೆದುಕೊಂಡವರಿಗೆ ಗೊತ್ತು ಅದರ ಬೆಲೆ.

ಮಾತ್ರೆಯಲ್ಲಿ ಅಡ್ಡದಾರಿ ಹುಡುಕಿದ ಪ್ರಯತ್ನಗಳು ಬಹುತೇಕ ಸೋತಿವೆ. ಭಾರತದಲ್ಲಿ ಧಾರಾಳವಾಗಿ ಬರೆದುಕೊಡುವ ಸಿಟಿಕೋಲಿನ್ ಅನ್ನು 2012ರಲ್ಲಿ ಪ್ರಕಟವಾದ ಪ್ರಯೋಗವು ಹೊಸದಾಗಿ ಆಘಾತವಾದ 2,298 ರೋಗಿಗಳಲ್ಲಿ ಪರೀಕ್ಷಿಸಿ ಪ್ರಯೋಜನ ಕಾಣಲಿಲ್ಲ. ಚೇತರಿಕೆ ಹೆಚ್ಚಿಸೀತೆಂಬ ಆಸೆಯಿಂದ ಬ್ರಿಟನ್ನಿನ 3,127 ರೋಗಿಗಳಿಗೆ ಕೊಟ್ಟ ಫ್ಲುಒಕ್ಸೆಟಿನ್ ಕೈಕಾಲಿನ ಚೇತರಿಕೆಗೆ ನೆರವಾಗಲಿಲ್ಲ, ಮೂಳೆ ಮುರಿತ ಹೆಚ್ಚಾಯಿತು ಎಂದು 2019ರಲ್ಲಿ ತಿಳಿಯಿತು. ಸೋತ ಪ್ರಯೋಗಗಳನ್ನೂ ಪ್ರಕಟಿಸುವ ಈ ಪ್ರಾಮಾಣಿಕತೆ ವಿಜ್ಞಾನದ ಬಲ. ಡ್ರಿಪ್ ಹಾಕಿ ಹಣ ಪಡೆಯುವ ಅಂಗಡಿಗೆ ಸೋಲಿನ ಲೆಕ್ಕ ಕೊಡುವ ಕಟ್ಟುಪಾಡಿಲ್ಲ.

ಹಾಗಿದ್ದರೆ ಆ 90 ಗಂಟೆಗಳನ್ನು ಕೊಡುವವರು ಯಾರು? ಪ್ರಶ್ನೆ ಆಸ್ಪತ್ರೆಯ ಕೋಣೆಯಿಂದ ಹೊರಬಂದು ಸಮಾಜದ ನಡುವೆ ನಿಲ್ಲುವುದು ಇಲ್ಲಿ. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿ 2023ರಿಂದ ಅಗತ್ಯವಿರುವವರಿಗೆ ದಿನಕ್ಕೆ ಕನಿಷ್ಠ 3 ಗಂಟೆ, ವಾರಕ್ಕೆ 5 ದಿನ ತರಬೇತಿ ಬೇಕೆನ್ನುತ್ತದೆ. ಅಮೆರಿಕದಲ್ಲಿ ವೃದ್ಧರ ಸಾರ್ವಜನಿಕ ವಿಮೆಯಾದ ಮೆಡಿಕೇರ್‌ನಲ್ಲಿ ಫಿಸಿಯೋಥೆರಪಿಗೆ ಹಾಕಿದ್ದ ವಾರ್ಷಿಕ ಮಿತಿಯನ್ನು ತೆಗೆಸಲು 2018ರವರೆಗೆ ಒತ್ತಾಯ ಮಾಡಬೇಕಾಯಿತು. ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪುನಶ್ಚೇತನವನ್ನು ಸರ್ಕಾರದ ಹೊಣೆಯೆಂದು ಒಪ್ಪಿಕೊಳ್ಳುತ್ತದೆ; ಆದರೆ ಆರ್ಥಿಕ ಸಾಮರ್ಥ್ಯಕ್ಕೆ ಒಳಪಟ್ಟು ಎಂಬ ಬಾಲ ಅದಕ್ಕಿದೆ.

ಸರ್ಕಾರ ಹಿಂದೆ ಸರಿದ ಜಾಗದಲ್ಲಿ ಮನೆಯ ಹೆಂಗಸರು ನಿಲ್ಲುತ್ತಾರೆ. ಮಗ್ಗುಲು ಬದಲಿಸುವವಳು, ಉಣಿಸುವವಳು, ಮಲಮೂತ್ರ ತೆಗೆಯುವವಳು ಹೆಂಡತಿ, ಸೊಸೆ, ಇಲ್ಲವೆ ಮದುವೆಯಾಗದೆ ಉಳಿದ ಮಗಳು. ಈ ದುಡಿಮೆಗೆ ಕೂಲಿಯಿಲ್ಲ, ರಜೆಯಿಲ್ಲ. ಮನೆಯವರಿಗೇ ತರಬೇತಿ ಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸಿದರೆ ಸಾಕಾದೀತೆ ಎಂದು ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳೊಡನೆ ಪರೀಕ್ಷಿಸಿದರು. 2017ರಲ್ಲಿ ಬಂದ ಫಲಿತಾಂಶ: ಎಂದಿನ ಆರೈಕೆಗಿಂತ ಅದು ಮೇಲಾಗಲಿಲ್ಲ. ಇದು ಆ ಹೆಂಗಸರ ಸೋಲಲ್ಲ. ತರಬೇತಾದ ಚಿಕಿತ್ಸಕರ ಕೆಲಸವನ್ನು ಈಗಾಗಲೇ ದಣಿದಿರುವ ಹೆಗಲಿಗೆ ದಾಟಿಸಿ ಖರ್ಚು ಉಳಿಸಬಹುದೆಂಬ ಎಣಿಕೆಗೆ ಆಧಾರ ಸಿಗಲಿಲ್ಲ, ಅಷ್ಟೆ.

ಲಕ್ವಕ್ಕೆ ಎಣ್ಣೆ ತಿಕ್ಕಿಸುವವರನ್ನೂ ಪಾರಿವಾಳದ ರಕ್ತ ಸವರುವವರನ್ನೂ ಕಂಡು ನಗುವುದು ಸುಲಭ. ಪೇಟೆಯ ಹವಾನಿಯಂತ್ರಿತ ಕೋಣೆಯಲ್ಲಿ, ಬಣ್ಣದ ಸ್ಕ್ಯಾನ್ ತೋರಿಸಿ, ಸಾಬೀತಾಗದ ಚುಚ್ಚುಮದ್ದು ಕೊಡುವುದು ಅದಕ್ಕಿಂತ ಹೆಚ್ಚು ವೈಜ್ಞಾನಿಕವೇನೂ ಅಲ್ಲ. ಹೆಚ್ಚು ದುಬಾರಿ, ಅಷ್ಟೇ. ಈ ಎರಡನೆಯ ಮಾರುಕಟ್ಟೆಗೆ ವಿದೇಶದಲ್ಲಿರುವ ಮಕ್ಕಳ ಹಣ ದೊಡ್ಡ ಆಸರೆ. ದೂರವಿರುವ ನೋವು, ಹತ್ತಿರವಿರಲಾರದ ಅಪರಾಧಭಾವ ಎರಡೂ ಸೇರಿ, ಕಳಿಸಬಹುದಾದದ್ದು ಹಣವೊಂದೇ ಎಂದಾದಾಗ, ಅತಿ ಹೆಚ್ಚು ಬೆಲೆಯ ಚಿಕಿತ್ಸೆಯೇ ಅತಿ ಹೆಚ್ಚು ಪ್ರೀತಿಯ ಗುರುತಾಗಿ ಕಾಣತೊಡಗುತ್ತದೆ.

ಅದೇ ಹಣ ಬೇರೆ ದಾರಿ ಹಿಡಿಯಬಹುದು. ಒಂದು ಸುತ್ತಿನ ಚುಚ್ಚುಮದ್ದಿನ ಬದಲು ವಾರಕ್ಕೆ ಐದು ದಿನ ಮನೆಗೆ ಬರುವ ಫಿಸಿಯೋಥೆರಪಿಸ್ಟ್, ಬಿ.ಪಿ. ನೋಡುವ ಯಂತ್ರ, ಬಚ್ಚಲಿಗೆ ಹಿಡಿಕಂಬಿ, ಆರೈಕೆ ಮಾಡುವವಳಿಗೆ ವಾರಕ್ಕೊಂದು ಬಿಡುವಿನ ದಿನ, ಇವು ಆಗಬಹುದು. ಚಿಕಿತ್ಸೆ ಮಾರುವವರಿಗೆ ಕೇಳಬೇಕಾದ ಪ್ರಶ್ನೆಗಳೂ ಇವೆ. ಈ ಔಷಧವನ್ನು ಇಂಥದೇ ಹಳೆಯ ರೋಗಿಗಳಲ್ಲಿ, ಔಷಧ ಪಡೆಯದವರೊಡನೆ ಹೋಲಿಸಿ ನೋಡಿದ್ದಾರೆಯೆ? ಎಷ್ಟು ಮಂದಿಗೆ ರಕ್ತಸ್ರಾವವಾಯಿತು? ಪ್ರಯೋಗವೇ ಆಗಿದ್ದರೆ ರೋಗಿಯಿಂದ ಹಣ ಪಡೆಯುವುದೇಕೆ? ಮೂರನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಎದ್ದು ಬರುವುದು ಕ್ಷೇಮ.

ಮನೆಗಳಾಚೆಗಿನ ಕೆಲಸವೂ ಇದೆ. ವಿದೇಶದ ಕನ್ನಡ ಸಂಘಗಳು ಊರಿನ ಆಸ್ಪತ್ರೆಗೆ ಕಟ್ಟಡ, ಯಂತ್ರ, ಫಲಕ ಕೊಡುವುದುಂಟು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯದ ಚಿಕಿತ್ಸಾಲಯಗಳನ್ನು ತೆರೆಯುವ ಪ್ರಯತ್ನ ನಿಮ್ಹಾನ್ಸ್ ನೆರವಿನಿಂದ ಕರ್ನಾಟಕದಲ್ಲಿ ನಡೆದಿದೆ. ಆ ಚಿಕಿತ್ಸಾಲಯಕ್ಕೆ ಖಾಯಂ ಹುದ್ದೆಯ ಫಿಸಿಯೋಥೆರಪಿಸ್ಟ್, ಮಾತಿನ ತರಬೇತುದಾರ, ತಾಲ್ಲೂಕು ಮಟ್ಟದಲ್ಲಿ ಐಎನ್‌ಆರ್ ಪರೀಕ್ಷೆ ಬೇಕೆಂದು ಶಾಸಕರನ್ನು, ಸಚಿವರನ್ನು ಕೇಳುವುದು ಫಲಕವಿಲ್ಲದ ಕೆಲಸ. ಆದರೆ ಭಟ್ಕಳದ ಆ ಹೆಂಡತಿಗೆ ಬೇಕಾಗಿರುವುದು ಅದೇ. ಅವಳ ಗಂಡನ ಮಿದುಳಿನಲ್ಲಿ ಆಗಲೇ ರಕ್ತ ಹರಿಯುತ್ತಿದೆ. ಅವನ ಕೈ ಹಿಡಿದು, ದಿನವೂ, ಸಾವಿರ ಬಾರಿ ಎತ್ತಿಸುವವರು ಇನ್ನೂ ಬಂದಿಲ್ಲ.